ಶಾಂಭವಿಯ ಎರಡು ದಡಕ್ಕೂ ಒಂದೇ ಗೆರೆ ಎಳೆಯಿರಿ

ಉಡುಪಿ ಮತ್ತು ದಕ್ಷಿಣ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಶಾಂಭವಿ ಹೊಳೆಯ ದಡದಲ್ಲಿ ಏನು ಎಲ್ಲಿ ಕಟ್ಟಬಹುದು ಅನ್ನುವುದರ ಬಗ್ಗೆ ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿಬಿಡುತ್ತೀರೋ ಅಂತ ಹೆದರಿಕೆ.

ನನ್ನ ಮನೆ ಹೆಜಮಾಡಿಯಲ್ಲಿ, ಶಾಂಭವಿ ಹೊಳೆಯ ಬದಿಗೆ. ಆಚೆ ದಡ ಮೂಲ್ಕಿ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದ ಮೇಲೆ ಇಲ್ಲಿ ಹೊಳೆಯೇ ಗಡಿ. ಈಚೆ ಗ್ರಾಮ ಪಂಚಾಯತ್, ಆಚೆ ನಗರ ಪಂಚಾಯತ್. ಬಲೆ ಬೀಸುವವರು ಮಾತ್ರ ಎರಡೂ ಕಡೆ ಬೀಸುತ್ತಾರೆ.

ನಮ್ಮ ದೊಡ್ಡಮ್ಮ ಇಳಿತದ ಹೊತ್ತಿಗೆ ಸೊಂಟದ ಮಟ್ಟ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುತ್ತಾರೆ. ಮರುವಾಯಿ ಅಂದರೆ ನೀರನ್ನು ಸೋಸಿ ಬದುಕುವ ಚಿಪ್ಪಿನ ಜೀವ. ಹೊಳೆಯ ಕೊಳೆ ಅದರ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ನಮ್ಮ ಊಟದ ಸುಕ್ಕಕ್ಕೆ.

ಎರಡು ವರ್ಷದ ಹಿಂದೆ ಆಚೆ ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿದು, ಕೆಂಪು ಮಣ್ಣು ತುಂಬಿಸಿ ಒಂದು ಹೋಂಸ್ಟೇ ಎದ್ದಿತು. ಟಾಯ್ಲೆಟ್ ಗುಂಡಿ ನೀರಿನಿಂದ ಹತ್ತು ಹೆಜ್ಜೆ ದೂರ. ಈಚೆಯ ಕಚೇರಿಯೊಂದಕ್ಕೆ ಹೋದೆ. "ಅದು ನಮ್ಮ ಜಿಲ್ಲೆ ಅಲ್ಲ ಮಾರಾಯ್ರೆ" ಅಂದರು. ಸರಿ, ಸೇತುವೆ ದಾಟಿ ಹೋದೆ. "ನೀವು ಈ ಊರಿನವರಲ್ಲ ಅಲ್ವಾ?" ಅಂತ ಕೇಳಿದರು! ಆಚೆಯವರನ್ನೇ ದೂರುತ್ತಿಲ್ಲ. ನಮ್ಮ ದಡದಲ್ಲೂ ಅಂಥ ಗುಂಡಿಗಳಿವೆ, ನನ್ನ ನೆಂಟರದ್ದೂ ಒಂದಿದೆ.

ಸಮುದ್ರ ಸೇರುವ ಅಳಿವೆ ಹತ್ತಿರ ಹೊಳೆ ಒಂದೇ ಕಡೆಗೆ ಹರಿಯುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬರದ ನೀರು ಒಳಗೆ ನುಗ್ಗುತ್ತದೆ. ಬೆಳಿಗ್ಗೆ ಕೆಳಗೆ ಬಿಟ್ಟ ಕೊಳೆ ಮಧ್ಯಾಹ್ನದ ಹೊತ್ತಿಗೆ ಮೇಲಿನ ಕುದ್ರುವನ್ನು, ಅಂದರೆ ಹೊಳೆ ನಡುವಿನ ದ್ವೀಪವನ್ನು, ಮುಟ್ಟಬಹುದು. ಸಸಿಹಿತ್ಲು ಬಳಿ ನಂದಿನಿ ಹೊಳೆಯೂ ಬಂದು ಸೇರುತ್ತದೆ, ಹಾಗಾಗಿ ಆ ದಡದ ಪಂಚಾಯತ್‌ಗಳನ್ನೂ ಬಿಡುವಂತಿಲ್ಲ. ನಮ್ಮದೋ ಹೊಯಿಗೆ (ಮರಳು) ನೆಲ. ಮಳೆಗಾಲದ ಆಟಿ ತಿಂಗಳಲ್ಲಿ ಬಾವಿ ನೀರು ಬಗ್ಗಿದರೆ ಕೈಗೆ ಸಿಗುತ್ತದೆ. ಆಗ ಗುಂಡಿಗೂ ಹೊಳೆಗೂ ನಡುವೆ ಏನು ಉಳಿಯಿತು ಹೇಳಿ?

ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಇದೆಯಲ್ಲ ಅನ್ನುತ್ತೀರಿ. ಇದೆ. ಆದರೆ ಉಬ್ಬರದ ಹೊಳೆಗಳ ದಡಕ್ಕೆ 2011ರ ಅಧಿಸೂಚನೆ ಕೊಟ್ಟಿದ್ದ 100 ಮೀಟರ್ ನಿಯಂತ್ರಣ ಪಟ್ಟಿಯನ್ನು 2019ರದ್ದು 50ಕ್ಕೆ ಇಳಿಸಿತು. ಅದರಲ್ಲೂ ಪೇಟೆಗೆ ಒಂದು ವರ್ಗ, ಹಳ್ಳಿಗೆ ಇನ್ನೊಂದು. ಹಾಗಾದರೆ ಎದುರು ಬದುರು ದಡಗಳಿಗೆ ಬೇರೆ ಬೇರೆ ಅಳತೆ ಬೀಳಬಹುದು. ಇದು ಹೊಳೆಗೆ ಅರ್ಥವಾಗುವ ಲೆಕ್ಕ ಅಲ್ಲ.

ಆ ಅಧಿಸೂಚನೆಯ ಪ್ರಕಾರ ಜಿಲ್ಲಾ ಮಟ್ಟದ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಮೀನುಗಾರರೂ ಸೇರಿ ಕರಾವಳಿಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ ಮೂವರು ಅದರಲ್ಲಿರಬೇಕು. ನಾನು ಕೇಳುವುದು ಇಷ್ಟೇ. ಎರಡೂ ಸಮಿತಿಗಳು ಒಟ್ಟಿಗೆ ಕೂರಲಿ, ಎರಡೂ ದಡದ ಪಂಚಾಯತ್‌ಗಳನ್ನು ಕರೆಸಲಿ. ದಡದಿಂದ ಎಷ್ಟು ದೂರ ಗುಂಡಿ ಇರಬೇಕು, ಎಲ್ಲಿ ಮಣ್ಣು ತುಂಬಿಸಬಾರದು, ಯಾವ ಕಾಂಡ್ಲಾ ಮುಟ್ಟಬಾರದು ಅಂತ ಒಂದೇ ನಕ್ಷೆ ಮಾಡಲಿ. ಈಚೆಯವರು ಪರವಾನಗಿ ಕೊಡುವ ಮೊದಲು ಆಚೆಯವರಿಗೆ ತಿಳಿಸಲಿ, ಆಚೆಯವರೂ ಹಾಗೆಯೇ ಮಾಡಲಿ. ಹೋಂಸ್ಟೇ ಬೇಡ ಅಂತಲ್ಲ. ನಮ್ಮ ಹುಡುಗರಿಗೂ ಅಲ್ಲಿ ಕೆಲಸ ಸಿಕ್ಕಿದೆ. ಸ್ವಲ್ಪ ಹಿಂದೆ ಕಟ್ಟಲಿ.

ಸಭೆಗೆ ಮೊದಲು ಒಮ್ಮೆ ಇಬ್ಬರೂ ಬನ್ನಿ. ದೋಣಿ ನಾವು ತರುತ್ತೇವೆ. ಅಮಾವಾಸ್ಯೆ ಆಸುಪಾಸಿನ ಇಳಿತಕ್ಕೆ ಬಂದರೆ ಒಳ್ಳೆಯದು. ಆಗ ನೀರಿನಡಿಯ ಪೈಪುಗಳೆಲ್ಲ ಕಾಣುತ್ತವೆ. ದೊಡ್ಡಮ್ಮನೂ ಅಲ್ಲೇ ಇರುತ್ತಾರೆ.

ಇಂತು,
ಹೆಜಮಾಡಿಯ ಒಬ್ಬ ನಿವಾಸಿ