ಗೆಳೆಯನಿಗೊಂದು ಪತ್ರ: ಹೆಂಡತಿ ಕೆಲಸ ಬಿಡ್ತೀನಿ ಅಂದಾಗ

ಕೊಪ್ಪಳ
ಭಾನುವಾರ ಮಧ್ಯಾಹ್ನ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಮೂರು ಸಲ ಓದಿದೆ. "ಇವಳು ಕೆಲಸ ಬಿಟ್ಟು ಮನೆ ನೋಡಿಕೊಳ್ತೀನಿ ಅಂತಾಳೆ. ನೋಡಿದವರೆಲ್ಲ ನಾನೇ ಬಿಡಿಸಿದೆ ಅಂತಾರೆ. ನೀನು ಬಿಟ್ಟು ಎಂಟು ವರ್ಷ ಆಯ್ತು, ನೀನೇ ಹೇಳು" ಅಂತ ಬರೆದಿದ್ದೀಯ. ಫೋನಿನಲ್ಲಿ ಮಾತಾಡಿದರೆ ಅರ್ಧ ಮಾತು ಬಾಯಲ್ಲೇ ಉಳಿಯುತ್ತದೆ. ಅದಕ್ಕೆ ಪತ್ರ. ಇದೇ ಮಾತನ್ನು ಇನ್ನೂ ಇಬ್ಬರು ಕೇಳಿದ್ದರು, ಅವರೂ ಓದಲಿ ಅಂತ ನಿನ್ನ ಒಪ್ಪಿಗೆ ಪಡೆದು ಎಲ್ಲರ ಮುಂದೆ ಇಡುತ್ತಿದ್ದೇನೆ.

ನಾನು ಕೆಲಸ ಬಿಟ್ಟಾಗ ಯಾರೂ ಬಿಡು ಅಂದಿರಲಿಲ್ಲ. ನಮ್ಮ ಮನೆಯವರು ಎರಡು ಸಲ ಯೋಚನೆ ಮಾಡು ಅಂದರು. ಅಪ್ಪನಿಗಂತೂ ಸಿಟ್ಟು ಬಂತು. "ಬಳ್ಳಾರಿಯಲ್ಲಿಟ್ಟು ಎಂಕಾಂ ಓದಿಸಿದ್ದು ರೊಟ್ಟಿ ಬಡಿಯೋಕಾ?" ಅಂದರು. ಆ ಮಾತು ಇವತ್ತಿಗೂ ನೆನಪಿದೆ. ಯಾಕಂದರೆ ಅದನ್ನು ಹೇಳುವಾಗ ಅವರ ತಾಟಿನಲ್ಲಿ ಅಮ್ಮ ಬಡಿದ ರೊಟ್ಟಿ ಇತ್ತು. ಅಮ್ಮ ಅಲ್ಲೇ ನಿಂತಿದ್ದರು.

ಅತ್ತೆ ಖುಷಿಪಟ್ಟರು. "ಈಗ ಮನೆ ಮನೆ ಆಯ್ತು, ಹೆಣ್ಣುಮಕ್ಕಳ ಧರ್ಮ ಇದೇ" ಅಂದರು. ಅದೂ ನನಗೆ ಸರಿ ಅನ್ನಿಸಲಿಲ್ಲ. ಧರ್ಮ ಅಂತ ನಾನು ಬಿಟ್ಟಿರಲಿಲ್ಲ. ನನಗೆ ಈ ಕೆಲಸ ಇಷ್ಟ. ಆಫೀಸಿನ ಅಕೌಂಟ್ಸ್‌ನಲ್ಲಿ ಆರು ವರ್ಷ ಕೂತಿದ್ದೆ, ಚೆನ್ನಾಗಿಯೇ ಮಾಡುತ್ತಿದ್ದೆ. ಆದರೆ ಸಂಜೆ ಏಳಕ್ಕೆ ಬಂದು ಅವಸರದಲ್ಲಿ ಕುಕ್ಕರ್ ಇಟ್ಟು, ಮಗಳ ಮಾತಿಗೆ ಬರೀ ಹ್ಞೂಂ ಅಂದು ಮಲಗಿಸೋದು ನನಗೆ ಬೇಡವಾಗಿತ್ತು. ಇನ್ನೊಬ್ಬಳಿಗೆ ಅದೇ ಬದುಕು ಹಿಡಿಸಬಹುದು. ನನ್ನ ತಂಗಿಗೆ ಹಿಡಿಸುತ್ತದೆ, ಅವಳ ಮನೆಯೂ ಚೆಂದವೇ ನಡೆದಿದೆ.

ಮನೆ ನೋಡಿಕೊಳ್ಳೋದು ಅಂದರೆ ಮೂರು ಹೊತ್ತು ಅಡಿಗೆ ಅಂತ ನೀನು ತಿಳಿದಿದ್ದರೆ ಅದನ್ನು ಮೊದಲು ಬಿಡು. ಇದು ವರ್ಷ ಪೂರ್ತಿ ನಡೆಯುವ ಕೆಲಸ. ಸಂಕ್ರಾಂತಿ ಆಸುಪಾಸಿಗೆ ಹೊಸ ತೊಗರಿ ಬರುತ್ತದೆ, ಆಗಲೇ ಕೊಂಡು ಬೇಳೆ ಮಾಡಿಸಬೇಕು. ಶಿವರಾತ್ರಿ ಹೊತ್ತಿಗೆ ಹಿಂಗಾರಿ ಬಿಳಿಜೋಳ. ಅದನ್ನು ಹಸನು ಮಾಡಿ, ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಸೊಪ್ಪು ಬೆರೆಸಿ ಡಬ್ಬಕ್ಕೆ ತುಂಬಬೇಕು, ಇಲ್ಲದಿದ್ದರೆ ಮಳೆಗಾಲಕ್ಕೆ ಹುಳ ಹಿಡಿಯುತ್ತದೆ. ಬಿಸಿಲು ಏರುವಾಗ ಬ್ಯಾಡಗಿ ಮೆಣಸಿನಕಾಯಿ ತಂದು ತೊಟ್ಟು ಮುರಿದು ಒಣಗಿಸಿ, ಗಿರಣಿಯಲ್ಲಿ ಎದುರಿಗೆ ನಿಂತು ಖಾರ ಕುಟ್ಟಿಸಬೇಕು. ಆಮೇಲೆ ಸಂಡಿಗೆ, ಹಪ್ಪಳ, ಶಾವಿಗೆ. ನಮ್ಮ ಊರಿನ ಬಿಸಿಲು ಯಾವುದಕ್ಕಾದರೂ ಉಪಕಾರ ಆಗುತ್ತದೆ ಅಂದರೆ ಇದಕ್ಕೆ. ಯಾವಾಗ ಯಾವುದು ಅಗ್ಗ, ಎಷ್ಟು ಕೊಂಡರೆ ಮುಂದಿನ ಸುಗ್ಗಿ ತನಕ ಸಾಲುತ್ತದೆ, ಅತ್ತೆಯ ಬಿಪಿ ಗುಳಿಗೆ ಯಾವಾಗ ಮುಗಿಯುತ್ತದೆ, ಮಗಳಿಗೆ ಗಣಿತದಲ್ಲಿ ಎಲ್ಲಿ ಎಡವುತ್ತದೆ. ಇದೆಲ್ಲ ಒಬ್ಬರ ತಲೆಯಲ್ಲಿ ಇರಬೇಕು. ಆಫೀಸಿನಲ್ಲಿ ಇಷ್ಟನ್ನು ತಲೆಯಲ್ಲಿ ಇಟ್ಟುಕೊಂಡವರಿಗೆ ಮ್ಯಾನೇಜರ್ ಅನ್ನುತ್ತಾರೆ.

ಆದರೆ 2011ರ ಜನಗಣತಿಯಲ್ಲಿ ಮನೆವಾರ್ತೆ ನೋಡುವವರನ್ನು ಕೆಲಸ ಮಾಡದವರ ಪಟ್ಟಿಗೆ ಸೇರಿಸಿದರು. ಬ್ಯಾಂಕಿನ ಅರ್ಜಿಯಲ್ಲಿ ಉದ್ಯೋಗ ಅಂತ ಇರುವ ಜಾಗ ನೋಡಿದಾಗ ನನಗೆ ಇದು ನೆನಪಾಗುತ್ತದೆ. ಸುಪ್ರೀಂ ಕೋರ್ಟ್ ಮಾತ್ರ ಬೇರೆ ಹೇಳಿದೆ. ದೆಹಲಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಗಂಡ ಹೆಂಡತಿಯ ಪ್ರಕರಣದಲ್ಲಿ, 2021ರ ಜನವರಿಯಲ್ಲಿ, ಗೃಹಿಣಿಯ ದುಡಿಮೆಗೂ ಆದಾಯದ ಲೆಕ್ಕ ಕಟ್ಟಿ ಪರಿಹಾರ ಕೊಡಬೇಕು ಅಂತ ತೀರ್ಪಾಯಿತು. ಹೆಂಗಸು ಸತ್ತ ಮೇಲೆ ಕಟ್ಟುವ ಲೆಕ್ಕವನ್ನು ಬದುಕಿರುವಾಗಲೇ ಮನೆಯಲ್ಲಿ ಕಟ್ಟಬೇಕು ಅನ್ನೋದು ನನ್ನ ಮಾತು. ನಿನಗೆ ಹೇಳಬೇಕಾಗಿರುವುದೂ ಮುಖ್ಯವಾಗಿ ಇದನ್ನೇ.

ನಮ್ಮ ಮನೆಯಲ್ಲಿ ಆ ಲೆಕ್ಕ ಮೊದಲ ಎರಡು ವರ್ಷ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ನನ್ನ ಪಿಎಫ್ ಹಣ ತೆಗೆದೆವು. ಅದನ್ನೂ ಇವರ ಉಳಿತಾಯವನ್ನೂ ಕೂಡಿಸಿ ಒಂದು ಸೈಟು ಕೊಂಡೆವು. ನೋಂದಣಿ ದಿನ ನಾನು ಮಗಳನ್ನು ಎತ್ತಿಕೊಂಡು ಹೊರಗೆ ಕೂತಿದ್ದೆ. ಪತ್ರ ಇವರೊಬ್ಬರ ಹೆಸರಿಗೆ ಆಯಿತು. ಮೋಸ ಅಲ್ಲ, ಯಾರಿಗೂ ಬೇರೆ ಯೋಚನೆಯೇ ಬರಲಿಲ್ಲ. ಅಕೌಂಟ್ಸ್ ಓದಿದ ನನಗೂ ಬರಲಿಲ್ಲ.

ಆಮೇಲೆ ಅಮ್ಮನ ಕಣ್ಣಿನ ಆಪರೇಷನ್ ಬಂತು. ನಾನು ಸ್ವಲ್ಪ ಹಣ ಕೊಡಬೇಕು ಅಂದುಕೊಂಡೆ. ಇವರನ್ನು ಕೇಳಿದೆ. "ಎಷ್ಟು? ಯಾತಕ್ಕೆ?" ಅಂದರು. ಸುಮ್ನೆ ಕೇಳಿದ್ದು ಅಷ್ಟೆ, ಕೊಟ್ಟೂ ಕೊಟ್ಟರು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆರು ವರ್ಷ ನಾನು ಅಮ್ಮನಿಗೆ ಕೊಟ್ಟಾಗ ಯಾರೂ ಯಾತಕ್ಕೆ ಅಂತ ಕೇಳಿರಲಿಲ್ಲ. ಕೆಲಸ ಈಗ ಜಾಸ್ತಿ ಮಾಡುತ್ತಿದ್ದೆ. ಆದರೂ ಕೈ ಚಾಚಬೇಕಾಯಿತು.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಇದನ್ನೇ ಹೇಳಿದೆ. ಅಳಲಿಲ್ಲ, ಜಗಳ ಮಾಡಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ಮೇಷ್ಟ್ರು ಅಲ್ವಾ, ಒಂದು ಹಾಳೆ ತಗೊಂಡು ಕೂತರು. ಆವತ್ತಿನಿಂದ ಸಂಬಳ ಬಂದ ದಿನವೇ ಒಂದು ಪಾಲು ನನ್ನ ಖಾತೆಗೆ ಬರುತ್ತದೆ. ಅದು ದಿನಸಿ ಹಣ ಅಲ್ಲ, ಮಗಳ ಫೀಸೂ ಅಲ್ಲ. ನನ್ನದು. ಅಮ್ಮನಿಗೆ ಕೊಡುತ್ತೇನೋ, ಸೀರೆ ಕೊಳ್ಳುತ್ತೇನೋ, ಯಾರೂ ಕೇಳುವ ಹಾಗಿಲ್ಲ. ಉಳಿದ ಹಣದ ಲೆಕ್ಕ ತಿಂಗಳಿಗೊಮ್ಮೆ ಇಬ್ಬರೂ ಕೂತು ನೋಡುತ್ತೇವೆ. ಸೈಟಿಗೂ ದಾನಪತ್ರ ಮಾಡಿಸಿ ನನ್ನ ಹೆಸರು ಸೇರಿಸಿದರು. ಗಂಡ ಹೆಂಡತಿಗೆ ಬರೆದುಕೊಟ್ಟರೆ ಮುದ್ರಾಂಕ ಶುಲ್ಕ ಮಾರಾಟದ ಪತ್ರದಷ್ಟು ಬರೋದಿಲ್ಲ.

ಇದನ್ನು ಇಷ್ಟು ಉದ್ದ ಯಾಕೆ ಬರೆದೆ ಅಂದರೆ, ಮದುವೆಯಾದ ಮೇಲೆ ಗಳಿಸಿದ ಆಸ್ತಿಯಲ್ಲಿ ಹೆಂಡತಿಗೆ ತಾನಾಗಿಯೇ ಅರ್ಧ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನಮ್ಮ ಕಾನೂನಿನಲ್ಲಿ ಹಾಗಿಲ್ಲ. ಪತ್ರದಲ್ಲಿ ಹೆಸರು ಯಾರದೋ ಆಸ್ತಿ ಅವರದು. ಸರ್ಕಾರದ ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಗಸಿನ ಖಾತೆಗೇ ನೇರ ಬರುತ್ತದೆ ಅಲ್ವಾ, ನಮ್ಮ ಓಣಿಯಲ್ಲಿ ಅದನ್ನು ಪಡೆಯುವವರ ಮುಖ ನೋಡಿದ್ದೇನೆ. ಹಣ ದೊಡ್ಡದಲ್ಲ. ಕೇಳದೆ ಬರುತ್ತದೆ ಅನ್ನೋದು ದೊಡ್ಡದು. ನಿನ್ನ ಹೆಂಡತಿಗೆ ಅದು ನಿನ್ನಿಂದ ಬರಲಿ. ಅವಳ ಹೆಸರಿಗೆ ಪಿಪಿಎಫ್ ಖಾತೆ ತೆಗೆಸು, ಅದು ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ, ಕೆಲಸದ ಪಿಎಫ್ ಅಲ್ಲ. ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದ ತನಕ ಕಟ್ಟಬಹುದು, 15 ವರ್ಷಕ್ಕೆ ಮುಗಿಯುತ್ತದೆ. ನೀನು ಕೊಟ್ಟ ಹಣವನ್ನು ಅವಳು ಎಫ್‌ಡಿ ಇಟ್ಟರೆ ಅದರ ಬಡ್ಡಿಯನ್ನು ನಿನ್ನ ಆದಾಯಕ್ಕೇ ಸೇರಿಸಿ ಟ್ಯಾಕ್ಸ್ ಹಾಕುತ್ತಾರೆ. ಪಿಪಿಎಫ್ ಬಡ್ಡಿಗೆ ಟ್ಯಾಕ್ಸ್ ಇಲ್ಲ. ಅವಳ ಪಿಎಫ್ ಹಣಕ್ಕೆ ಮಾತ್ರ ಕೈ ಹಾಕಬೇಡ. ನಾನು ಮಾಡಿದ್ದನ್ನು ಅವಳು ಮಾಡೋದು ಬೇಡ.

ಇನ್ನು ಮನೆಗೆಲಸ. ಅವಳು ಮನೆಯಲ್ಲೇ ಇರುತ್ತಾಳೆ ಅಂದ ತಕ್ಷಣ ನೀನು ಸೋಫಾ ಹಿಡಿಯಬೇಡ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ ಅಂತ ಬಂದಿದೆ. ಅದೂ ಆ ದಿನ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಸರಾಸರಿ. ಏನೂ ಮಾಡದವರು ಆ 88ರಲ್ಲಿ ಇಲ್ಲವೇ ಇಲ್ಲ.

ನಮ್ಮಲ್ಲಿ ಅಡಿಗೆ ನನ್ನದು. ಅದನ್ನು ಹಂಚಿಕೊಳ್ಳೋಕೆ ನನಗೂ ಮನಸ್ಸಿಲ್ಲ. ರಾತ್ರಿಯ ಮುಸುರೆ ಇವರದು. ನಲ್ಲಿ ನೀರು ಬರುವ ದಿನ ಎದ್ದು ತುಂಬಿಸೋದು, ಮಗಳಿಗೆ ಜಡೆ ಹಾಕಿ ಶಾಲೆಗೆ ಬಿಡೋದು ಇವರದು. ಭಾನುವಾರ ಮಧ್ಯಾಹ್ನದ ಮೇಲೆ ನನಗೆ ರಜೆ. ಈಗ ಈ ಪತ್ರ ಬರೆಯುತ್ತಿರೋದು ಆ ರಜೆಯಲ್ಲೇ. ಶುರುವಿನಲ್ಲಿ ಇವರು ಮುಸುರೆ ತಿಕ್ಕೋದನ್ನು ನೋಡಿ ಅತ್ತೆ ಊಟ ಬಿಟ್ಟು ಎದ್ದಿದ್ದರು. "ಆಕಿ ದಿನಾ ಮನೆಯಾಗ ಇರ್ತಾಳಲ್ಲ, ನಿನಗ್ಯಾಕ ಇದು?" ಅಂದರು. ಇವರು ಕೈ ತೊಳೆದುಕೊಂಡು ಬಂದು, "ನಾನೂ ಇಲ್ಲೇ ಊಟ ಮಾಡೀನಲ್ಲವ್ವ" ಅಂದರು. ಅಷ್ಟೇ ಮಾತು. ನಾನು ಒಳಗೆ ನಿಂತು ಕೇಳಿದೆ. ಅದನ್ನು ನಾನು ಹೇಳಿದ್ದರೆ ಜಗಳ ಆಗುತ್ತಿತ್ತು. ನಿಮ್ಮಮ್ಮನಿಗೆ ಹೇಳುವ ಮಾತನ್ನು ನೀನೇ ಹೇಳು, ಅವಳ ಬಾಯಿಂದ ಹೇಳಿಸಬೇಡ.

ನಮ್ಮ ಸಂಪ್ರದಾಯದಲ್ಲಿ ಗೃಹಿಣಿ ಅಂದರೆ ಗಂಡ ಹೇಳಿದ್ದಕ್ಕೆ ತಲೆಯಾಡಿಸುವವಳು ಅಂತ ಯಾರಾದರೂ ಅಂದರೆ ನನಗೆ ಲಿಂಗಸುಗೂರಿನ ಕಡೆಯ ಲಕ್ಕಮ್ಮ ನೆನಪಾಗುತ್ತಾರೆ. ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ, ರಾಯಚೂರು ಜಿಲ್ಲೆಯ ಅಮರೇಶ್ವರದವರು. ಕಲ್ಯಾಣದಲ್ಲಿ ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಜಾಸ್ತಿ ತಂದರಂತೆ. ನಮಗೆ ಇಷ್ಟು ಬೇಡ, ಹೋಗಿ ಅಲ್ಲೇ ಸುರಿದು ಬನ್ನಿ ಅಂದವರು ಲಕ್ಕಮ್ಮ. ಮಾರಯ್ಯ ಹೋಗಿ ಸುರಿದು ಬಂದರು. ತರುವವರು ಗಂಡ. ಎಷ್ಟು ಬೇಕು ಅಂತ ತೀರ್ಮಾನ ಮಾಡಿದವರು ಹೆಂಡತಿ. ನನಗೆ ಬೇಕಾದ ಸಂಪ್ರದಾಯ ಅದು.

ಹಾಗಂತ ಎಲ್ಲ ದಿನವೂ ಹಬ್ಬ ಅಲ್ಲ. ಮಧ್ಯಾಹ್ನ ಮೂರು ಗಂಟೆಗೆ ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಮಾತಾಡೋಕೆ ಯಾರೂ ಇಲ್ಲ ಅನ್ನಿಸುವ ದಿನಗಳಿವೆ. ಜೊತೆಗೆ ಓದಿದವರು ಪ್ರಮೋಷನ್ ಸುದ್ದಿ ಹಾಕಿದಾಗ ಒಂದು ಗಳಿಗೆ ಎದೆ ಭಾರವಾಗುತ್ತದೆ. ನಿನ್ನ ಹೆಂಡತಿಗೂ ಆಗುತ್ತದೆ. ಆಗ "ನೀನೇ ಬಿಟ್ಟೆಯಲ್ಲ" ಅನ್ನಬೇಡ, ಯಾವತ್ತೂ ಅನ್ನಬೇಡ. ಎರಡು ವರ್ಷ ಬಿಟ್ಟು ಮತ್ತೆ ಕೆಲಸಕ್ಕೆ ಹೋಗ್ತೀನಿ ಅಂದರೆ, ಇವತ್ತು ಬಿಡ್ತೀನಿ ಅಂದಾಗ ಒಪ್ಪಿದ ಹಾಗೇ ಆವತ್ತೂ ಒಪ್ಪಬೇಕು. ಈ ಮಾತು ಈಗಲೇ ಅವಳಿಗೆ ಹೇಳಿಬಿಡು. ಜನ ಏನಂತಾರೆ ಅಂತ ನನ್ನನ್ನು ಕೇಳಿದೆ. ಅವಳನ್ನು ಕೂರಿಸಿಕೊಂಡು ನಿನಗೆ ಮನೆಯ ಯಾವ ಕೆಲಸ ಇಷ್ಟ, ಯಾವುದು ಬೇಡ ಅಂತ ಕೇಳಿದ್ದೀಯಾ?

ಪುಷ್ಯ ಮಾಸದ ಗವಿಮಠದ ಜಾತ್ರೆಗೆ ಇಬ್ಬರೂ ಬನ್ನಿ. ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ ಬರುವುದನ್ನು ನೀನು ನೋಡಿದ್ದೀಯ. ನಮ್ಮ ಓಣಿಯಲ್ಲೂ ಹೆಂಗಸರು ಸೇರಿ ಬಡಿಯುತ್ತೇವೆ. ಹೋದ ಸಲ ಇವರು ಒಲೆಯ ಮುಂದೆ ಕೂತು ರೊಟ್ಟಿ ತಿರುವಿ ಹಾಕಿದರು. ಪಕ್ಕದ ಮನೆಯ ಇಬ್ಬರು ಗಂಡಸರು ನೋಡುತ್ತ ನಿಂತಿದ್ದವರು ಆಮೇಲೆ ಬಂದು ಪಕ್ಕದಲ್ಲಿ ಕೂತರು. ಈ ಸಲ ಹಂಚು ಇನ್ನೊಂದು ಜಾಸ್ತಿ ಇಡುತ್ತೇವೆ. ನಿನ್ನ ಹೆಂಡತಿ ಹೋದ ಸಲ ರಂಜಕ ಮಾಡೋದು ಕೇಳಿದ್ದಳು, ಹಣ್ಣು ಮೆಣಸಿನಕಾಯಿ ತೆಗೆದಿಡುತ್ತೇನೆ, ಬಂದಾಗ ಇಬ್ಬರೂ ಕಲಿತುಕೊಂಡು ಹೋಗಿ.

ಇವರು ಒಳಗಿನಿಂದ ಕೂಗುತ್ತಿದ್ದಾರೆ, ಚಹಾಕ್ಕೆ ಶುಂಠಿ ಎಲ್ಲಿದೆ ಅಂತ. ಹೇಳಿ ಬರುತ್ತೇನೆ.

ನಿನ್ನ ಗೆಳತಿ