ರೇಡಾರ್‌ನಲ್ಲಿ ಕಂಡ ಹಕ್ಕಿಗಳನ್ನು ಅಳಿಸದಿರಿ

ಮಾನ್ಯರೇ,

ಹವಾಮಾನ ರೇಡಾರ್‌ಗಳಲ್ಲಿ ದಾಖಲಾಗುವ ಹಕ್ಕಿಗಳ ಸುಳಿವನ್ನು ಅನಗತ್ಯವೆಂದು ಸೋಸಿ ಎಸೆಯುವ ಪದ್ಧತಿ ನಿಲ್ಲಬೇಕು. ಮಳೆಹನಿಗೆ ತಾಗಿ ಮರಳುವ ತರಂಗ ಹಕ್ಕಿಯ ಮೈಗೆ ತಾಗಿಯೂ ಮರಳುತ್ತದೆ. ಮಳೆಯನ್ನಷ್ಟೇ ನೋಡುವವರಿಗೆ ಅದು ಅಡಚಣೆ. ಹಕ್ಕಿಗಳನ್ನು ಉಳಿಸಬೇಕೆನ್ನುವವರಿಗೆ ಅದು ಬೇರೆಲ್ಲೂ ಸಿಗದ ದಾಖಲೆ.

ಸಣ್ಣ ಹಾಡುಹಕ್ಕಿಗಳಲ್ಲಿ ಹೆಚ್ಚಿನವು ವಲಸೆ ಹೋಗುವುದು ರಾತ್ರಿಯಲ್ಲಿ. ದುರ್ಬೀನು ಹಿಡಿದು ಕಾದರೂ ಕತ್ತಲಲ್ಲಿ ಅವು ಕಾಣುವುದಿಲ್ಲ. ಆದರೆ ವಲಸೆಯ ಕಾಲದಲ್ಲಿ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ, ರೇಡಾರ್ ಪರದೆಯ ನಡುವಿನಿಂದ ದುಂಡನೆಯ ಕಲೆಯೊಂದು ಹರಡತೊಡಗುತ್ತದೆ. ಒಟ್ಟಿಗೆ ಮೇಲೇಳುವ ಸಾವಿರಾರು ಹಕ್ಕಿಗಳು ಅವು! ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿಗೆ, ಎಷ್ಟು ವೇಗವಾಗಿ ಹೊರಟಿವೆ ಎಂಬುದೂ ತಿಳಿಯುತ್ತದೆ. ಜಾತಿಯನ್ನು ಮಾತ್ರ ರೇಡಾರ್ ಹೇಳಲಾರದು. ಅದಕ್ಕೆ ನೆಲದ ಮೇಲಿನ ವೀಕ್ಷಕರು ಬೇಕೇ ಬೇಕು.

ಈ ಮಾಹಿತಿ ಜೀವ ಉಳಿಸಬಲ್ಲದು. 2023ರ ಅಕ್ಟೋಬರ್‌ನಲ್ಲಿ ಶಿಕಾಗೊದ ಒಂದೇ ಗಾಜಿನ ಕಟ್ಟಡಕ್ಕೆ ಡಿಕ್ಕಿ ಹೊಡೆದು ಒಂದೇ ರಾತ್ರಿ ಸಾವಿರದಷ್ಟು ಹಕ್ಕಿಗಳು ಸತ್ತವು. ಅಂಥ ರಾತ್ರಿಗಳನ್ನು ರೇಡಾರ್ ಆಧರಿಸಿ ಮುಂಚೆಯೇ ಊಹಿಸಿದರೆ, ಹಕ್ಕಿಗಳನ್ನು ಸೆಳೆಯುವ ಕಟ್ಟಡಗಳ ದೀಪ ಆರಿಸಬಹುದು. ಅದೇ ವರ್ಷ ನೆದರ್ಲೆಂಡ್ಸ್, ಭಾರೀ ವಲಸೆಯ ಮುನ್ಸೂಚನೆ ನೋಡಿ ಸಮುದ್ರದ ಗಾಳಿಯಂತ್ರಗಳ ವೇಗವನ್ನೇ ತಗ್ಗಿಸಿತು. ವಿಮಾನಗಳ ಸುರಕ್ಷತೆಗೂ ಇದು ಬೇಕು.

ಆದ್ದರಿಂದ ಹವಾಮಾನ ಇಲಾಖೆಗಳು ಮಳೆಯ ನಕ್ಷೆಗಾಗಿ ಸೋಸಿದ ದತ್ತಾಂಶದ ಜೊತೆಗೆ ಸೋಸದ ಮೂಲ ದತ್ತಾಂಶವನ್ನೂ ಕಾಪಿಟ್ಟು, ಪಕ್ಷಿ ಸಂಶೋಧಕರಿಗೆ ಉಚಿತವಾಗಿ ಒದಗಿಸಲಿ.

– ಓರ್ವ ಪಕ್ಷಿ ವೀಕ್ಷಕ