ಗೃಹಲಕ್ಷ್ಮಿ ರೊಕ್ಕದಾಗ ತುಪ್ಪ ತಗೋಬಾರದೇನ್ರಿ?

ಮಾನ್ಯ ಸಂಪಾದಕರೆ,

ಹೋದ ತಿಂಗಳು ಒಂದು ಭಾನುವಾರ ಸಂಜೆ ಹುಬ್ಬಳ್ಳಿಯ ಒಂದು ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ ಮಾಡಿಸಲು ಪಾಳಿ ಹಚ್ಚಿ ನಿಂತಿದ್ದೆ. ಅಂಗಡಿ ಹೆಸರು ಬೇಡ, ಅವರದೇನೂ ತಪ್ಪಿಲ್ಲ. ಧಾರವಾಡದ ಓದುಗರು ಸೂಪರ್ ಮಾರ್ಕೆಟ್ ಅಂದ ಕೂಡಲೇ ತಮ್ಮೂರಿನ ಕಾಯಿಪಲ್ಲೆ ಮಾರ್ಕೆಟ್ ಅಂದುಕೊಳ್ಳಬೇಡಿ, ನಾನು ಹೇಳುತ್ತಿರುವುದು ಏಸಿ ಇರುವುದು, ಬಾಗಿಲಲ್ಲಿ ವಾಚ್‌ಮನ್ ನಿಂತು ನಮ್ಮ ಕೈಚೀಲಕ್ಕೆ ಪ್ಲಾಸ್ಟಿಕ್ ದಾರ ಬಿಗಿದು ಒಳಗೆ ಬಿಡುತ್ತಾನಲ್ಲ, ಅದು.

ನನ್ನ ಮುಂದೆ ಒಬ್ಬರು ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ನಿಂತಿದ್ದರು. ಅವರ ಮುಂದೆ ಒಬ್ಬ ಹೆಣ್ಣುಮಗಳು. ನಲವತ್ತರ ಆಸುಪಾಸು, ಜೊತೆಗೆ ಎಂಟೊಂಬತ್ತು ವರ್ಷದ ಹುಡುಗ. ಕೈಯಲ್ಲಿದ್ದದ್ದು ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ, ಅದಕ್ಕೂ ದಾರ ಬಿಗಿದಿದ್ದರು. ಟ್ರಾಲಿಯಲ್ಲಿ ಐದು ಲೀಟರ್ ಎಣ್ಣೆ ಕ್ಯಾನು, ತೊಗರಿ ಬೇಳೆ, ಸಕ್ಕರೆ, ಉಪ್ಪು, ಚಹಾಪುಡಿ, ಬಟ್ಟೆ ಸೋಪಿನ ಕಟ್ಟು, ಒಂದು ಬಿಸ್ಕತ್ತು ಪೊಟ್ಟಣ. ಮೇಲೆ ಒಂದು ಸಣ್ಣ ತುಪ್ಪದ ಡಬ್ಬಿ. ಆಕೆ ಮೊಬೈಲ್‌ನಲ್ಲಿ ಒಂದೊಂದೇ ಬೆಲೆ ಒತ್ತಿ ಲೆಕ್ಕ ಕೂಡಿಸುತ್ತಿದ್ದಳು, ನಡುವೆ ಹುಡುಗ ಕೈ ಜಗ್ಗಿದಾಗ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದಳು.

ಕೀಲಿಯವರು ನನ್ನ ಕಡೆ ತಿರುಗಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದರು: "ಗೃಹಲಕ್ಷ್ಮಿ ಬಿದ್ದಂಗ ಕಾಣಸ್ತೈತ್ರಿ. ಅಕ್ಕಿ ಬಿಟ್ಟಿ, ಬಸ್ ಬಿಟ್ಟಿ, ಈಗ ನೋಡ್ರಿ, ನಮ್ ಟ್ಯಾಕ್ಸ್ ರೊಕ್ಕದಾಗ ತುಪ್ಪ!"

ಆಕೆ ತಿರುಗಿ ನೋಡಲಿಲ್ಲ. ಕೌಂಟರಿನ ಹುಡುಗಿ ತುಪ್ಪದ ಡಬ್ಬಿ ಕೈಗೆತ್ತಿಕೊಂಡಾಗ "ಅದ ಬ್ಯಾಡ ಬಿಡವ್ವಾ" ಅಂದಳು. ಹುಡುಗಿ ಅದನ್ನು ಪಕ್ಕದಲ್ಲಿ ಚಾಕಲೇಟ್ ಇಟ್ಟ ಹಲಗೆಯ ಮೇಲಿಟ್ಟಳು. ನಾನು ಸುಮ್ಮನೆ ನಿಂತಿದ್ದೆ. ಏನಾದರೂ ಅನ್ನಬೇಕಿತ್ತು, ಅನ್ನಲಿಲ್ಲ. ಅದಕ್ಕೇ ಈ ಪತ್ರ.

ಮೊದಲನೆಯದಾಗಿ, ಆಕೆಗೆ ಗೃಹಲಕ್ಷ್ಮಿ ಬರುತ್ತದೆ ಅಂತ ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಯಿತು? ಸೀರೆ ನೋಡಿ, ಚಪ್ಪಲಿ ನೋಡಿ, ಆ ಚೀಲ ನೋಡಿ, ಅಷ್ಟೇ. ಬರುತ್ತದೆ ಅಂತಲೇ ಇಟ್ಟುಕೊಳ್ಳೋಣ. ಬಂದ ರೊಕ್ಕ ಎಲ್ಲಿ ಖರ್ಚು ಮಾಡಬೇಕು ಅಂತ ಇವರ ಮನಸ್ಸಿನಲ್ಲಿದೆ? ರೇಷನ್ ಅಂಗಡಿಯಲ್ಲೇ? ಓಣಿಯ ಕಿರಾಣಿ ಅಂಗಡಿಯಲ್ಲೇ?

ಕಿರಾಣಿ ಅಂಗಡಿ ವಿಚಾರ ನನಗೆ ಸ್ವಲ್ಪ ಜಾಸ್ತಿ ಗೊತ್ತು. ಹಳೇ ಹುಬ್ಬಳ್ಳಿಯಲ್ಲಿ 22 ವರ್ಷ ನಾನೇ ಒಂದು ಸಣ್ಣ ಅಂಗಡಿ ಇಟ್ಟಿದ್ದೆ, ಮೊನ್ನೆ ಮೊನ್ನೆ ಮುಚ್ಚಿದೆ. ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ದಿನಗೂಲಿಯವರು. ಸಂಜೆ ಪಗಾರ ಕೈಗೆ ಬಂದ ಮೇಲೆ "ಇಪ್ಪತ್ತು ರೂಪಾಯಿ ಎಣ್ಣಿ ಕೊಡ್ರಿ, ಹತ್ತು ರೂಪಾಯಿ ಬ್ಯಾಳಿ ಕಟ್ರಿ" ಅಂತ ಬರುವವರು. ಹೀಗೆ ಚೂರುಪಾರು ಕೊಂಡವರಿಗೆ ನಾನು ಎಷ್ಟು ಹಾಕುತ್ತಿದ್ದೆ ಗೊತ್ತಾ? ಇಡೀ ಲೀಟರ್ ಒಯ್ಯುವವರಿಗಿಂತ ಇವರಿಗೆ ಲೀಟರ್ ಲೆಕ್ಕದಲ್ಲಿ ಹತ್ತು ಹದಿನೈದು ರೂಪಾಯಿ ಜಾಸ್ತಿಯೇ ಬೀಳುತ್ತಿತ್ತು. ಮೋಸ ಅಂತ ಅಲ್ಲ, ಅಳೆದು ಕಟ್ಟಿ ಕೊಡುವುದಕ್ಕೆ ನನಗೂ ಖರ್ಚಿತ್ತು, ಮೇಲೆ ಉದ್ರಿ ಬೇರೆ. ಉದ್ರಿ ಪುಸ್ತಕದಲ್ಲಿ ಹೆಸರಿದ್ದವರು ಮಾಲು ಹೀಗಿದೆ ಹಾಗಿದೆ ಅಂತ ತಕರಾರು ತೆಗೆಯುವುದಿಲ್ಲ, ರೇಟು ಕೇಳುವುದೂ ಕಡಿಮೆ, ಇದು ನಮ್ಮಂಥ ಅಂಗಡಿಯವರಿಗೆಲ್ಲ ಗೊತ್ತಿದ್ದ ಮಾತು. ಬಡವರು ಹೆಚ್ಚು ಕೊಟ್ಟು ಕೊಳ್ಳುತ್ತಿದ್ದರು, ಅಷ್ಟೇ.

2023ರ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಯಿತು, ತಿಂಗಳಿಗೆ 2000 ರೂಪಾಯಿ. ಆಮೇಲೆ ನನ್ನ ಅಂಗಡಿಯಲ್ಲಿ ಮೊದಲು ಕಂಡ ಬದಲಾವಣೆ ಏನೆಂದರೆ ಹಳೇ ಉದ್ರಿ ತೀರಿದ್ದು. ಎರಡನೆಯದು, ಅದೇ ಹೆಣ್ಣುಮಕ್ಕಳು ನನ್ನ ಅಂಗಡಿ ಬಿಟ್ಟು ದೊಡ್ಡ ಅಂಗಡಿಗೆ ಹೋಗಿದ್ದು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಲೆಕ್ಕ ಅವರದೇ ಸರಿ ಇತ್ತು. ಅಲ್ಲಿ ಪೊಟ್ಟಣದ ಮೇಲೆ ಛಾಪಿಸಿದ ಬೆಲೆಗಿಂತ ಕಡಿಮೆಗೆ ಸಿಗುತ್ತದೆ, ಎಣ್ಣೆ ಕ್ಯಾನ್ ಒಯ್ದರೆ ಇನ್ನೂ ಕಡಿಮೆ, ರೇಟು ಬರೆದು ಹಚ್ಚಿರುತ್ತಾರೆ, ಯಾರನ್ನೂ ಕೇಳಬೇಕಾಗಿಲ್ಲ, ಯಾರೂ "ಹಿಂದಿನ ಬಾಕಿ ಏನಾತ್ರಿ" ಅನ್ನುವುದಿಲ್ಲ. ಸಿಟಿ ಬಸ್ಸಿಗೆ ಶಕ್ತಿ ಯೋಜನೆ ಇದೆ, ಹೋಗಿ ಬರುವ ಖರ್ಚೂ ಇಲ್ಲ. ಅಲ್ಲಿಗೆ ಹೋಗಲು ಬೇಕಾದದ್ದು ಒಂದೇ, ಒಮ್ಮೆಗೇ ಕೈಯಲ್ಲಿ ಒಂದೂವರೆ ಎರಡು ಸಾವಿರ. ಅದು ಮೊದಲು ಇರಲಿಲ್ಲ, ಈಗ ಇದೆ. ಕಾರಿನಲ್ಲಿ ಬರುವವರೂ ರೊಕ್ಕ ಉಳಿಯುತ್ತದೆ ಅಂತಲೇ ಅಲ್ಲಿಗೆ ಬರುತ್ತಾರೆ. ಅವರು ಉಳಿಸಿದರೆ ಜಾಣತನ, ಆಕೆ ಉಳಿಸಿದರೆ ಮಜಾ. ಹಿಂಗ್ಯಾಕೆ?

ತುಂಬಿದ ಟ್ರಾಲಿ ನೋಡಿ ಕಣ್ಣು ಕೆಂಪಾಗುವವರಿಗೆ ಇನ್ನೊಂದು ಮಾತು. ಈ ರೊಕ್ಕ ತಿಂಗಳಾ ತಿಂಗಳಾ ಸರಿಯಾಗಿ ಬೀಳುವುದಿಲ್ಲ. ಎಷ್ಟೋ ಸಲ ಎರಡು ಮೂರು ತಿಂಗಳು ನಿಂತು, ಆಮೇಲೆ ಒಂದರ ಹಿಂದೆ ಒಂದು ಬಂದಿದೆ. ಅಲ್ಲಿಯವರೆಗೆ ಆಕೆ ಹೇಗೆ ನಡೆಸಿದಳು ಅಂತ ಯಾರೂ ನೋಡಿರುವುದಿಲ್ಲ, ಬಿದ್ದ ದಿನ ಟ್ರಾಲಿ ತುಂಬಿದ್ದು ಮಾತ್ರ ಎಲ್ಲರಿಗೂ ಕಾಣುತ್ತದೆ.

"ಅಕ್ಕಿ ಸಿಗ್ತದಲ್ರಿ, ಇನ್ನೇನ್ ಬೇಕು" ಅನ್ನುವವರೂ ಇದ್ದಾರೆ. ಸಿಗುತ್ತದೆ. ಆದರೆ ನಾವು ಯಾವ ಕಡೆಯವರು? ಹುಬ್ಬಳ್ಳಿ, ಗದಗ, ಹಾವೇರಿ ಅಂದರೆ ರೊಟ್ಟಿ ತಿನ್ನುವ ಸೀಮೆ. ನಡುವೆ ನಡುವೆ ರೇಷನ್‌ನಲ್ಲಿ ಜೋಳ ಕೊಟ್ಟಿದ್ದುಂಟು, ಜಾಸ್ತಿ ಬಂದದ್ದು ಅಕ್ಕಿಯೇ. ಬರೀ ಅಕ್ಕಿ ಬೇಯಿಸಿ ಬಡಿಸಿದರೆ ಮನೆಯವರು ಎದ್ದು ಹೋಗುತ್ತಾರೆ. ಅದಕ್ಕೆ ಬೇಳೆ ಬೇಕು, ಎಣ್ಣೆ ಬೇಕು, ಬ್ಯಾಡಗಿ ಮೆಣಸಿನಕಾಯಿ ಖಾರಪುಡಿ ಬೇಕು, ಒಂದು ಚಮಚ ಶೇಂಗಾ ಚಟ್ನಿಯಾದರೂ ಬೇಕು. ಸರ್ಕಾರವೇ ಇದನ್ನು ಒಪ್ಪಿಕೊಂಡಂತಿದೆ. 2023ರ ಜುಲೈಯಿಂದ ಹೆಚ್ಚುವರಿ ಐದು ಕೇಜಿ ಅಕ್ಕಿ ಬದಲು ಕೇಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಾಕಿದರು, 2025ರ ಫೆಬ್ರವರಿಯಿಂದ ಅದನ್ನು ಬಿಟ್ಟು ಅಕ್ಕಿಯನ್ನೇ ಕೊಟ್ಟರು, ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಸಂಪುಟ ಕೂತು ಆ ಐದು ಕೇಜಿ ಬದಲು ಇಂದಿರಾ ಕಿಟ್ ಅಂತ ತೀರ್ಮಾನ ಮಾಡಿತು. ಕಿಟ್‌ನಲ್ಲಿ ತೊಗರಿ ಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು. ಆ ಹೆಣ್ಣುಮಗಳ ಟ್ರಾಲಿಯಲ್ಲಿದ್ದ ಮೊದಲ ನಾಲ್ಕು ಸಾಮಾನು ನೆನಪು ಮಾಡಿಕೊಳ್ಳಿ.

ಹೌದು, ರೇಷನ್ ಅಕ್ಕಿ ಮಾರುವವರಿದ್ದಾರೆ. ನನ್ನ ಅಂಗಡಿಗೂ ಹಿಂಬಾಗಿಲಿಗೆ ಚೀಲ ಹೊತ್ತು ಬಂದವರಿದ್ದರು, ನಾನು ತಗೊಂಡಿಲ್ಲ, ತಗೊಂಡವರು ನಮ್ಮ ಬೀದಿಯಲ್ಲೇ ಇದ್ದರು. ಅದು ತಪ್ಪು, ಕಾನೂನಿಗೂ ವಿರುದ್ಧ. ಆದರೆ ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಏನು? "ರೊಕ್ಕ ಬ್ಯಾಡ್ರಿ, ಜ್ವಾಳ ಕೊಡ್ರಿ." ಲಾರಿಗಟ್ಟಲೆ ಮಾರುವವರು ಬೇರೆಯೇ ಜನ, ಅವರು ಪಾಳಿಯಲ್ಲಿ ನಿಂತು ನಮ್ಮ ಕಣ್ಣಿಗೆ ಬೀಳುವುದಿಲ್ಲ ಬಿಡಿ.

ಇನ್ನು "ನಮ್ ಟ್ಯಾಕ್ಸ್" ಅನ್ನುವ ಮಾತು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟಿನ ಮೇಲೂ, 25 ಕೇಜಿವರೆಗೆ, ಶೇಕಡಾ 5 ಜಿಎಸ್‌ಟಿ ಇದೆ. ಸೋಪಿನ ಮೇಲಿದೆ, ಬಿಸ್ಕತ್ತಿನ ಮೇಲಿದೆ. ಅಂದರೆ ಆಕೆಯ ಬಿಲ್ಲಿನಲ್ಲೂ ಟ್ಯಾಕ್ಸ್ ಇತ್ತು, ಕೀಲಿಯವರ ಬಿಲ್ಲಿನಲ್ಲಿ ಯಾವ ದರವೋ ಅದೇ ದರ. ಸರ್ಕಾರ ಕೊಟ್ಟ ರೊಕ್ಕದಲ್ಲಿ ಒಂದಿಷ್ಟು ಅವತ್ತೇ ಸರ್ಕಾರಕ್ಕೆ ವಾಪಸ್ ಹೋಯಿತು.

ನನ್ನ ತಂಗಿ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ನಕ್ಕಳು. "ಮಾಮಾ, ಇಲ್ಲೂ ಇದೇ ಹಾಡು" ಅಂದಳು. ಅಲ್ಲಿ ಸರ್ಕಾರದ ಸಹಾಯಧನದಲ್ಲಿ ಬದುಕುವವರು ಆಲ್ಡಿ, ಲಿಡ್ಲ್ ಅನ್ನುವ ಅಗ್ಗದ ಅಂಗಡಿಗೆ ಹೋದರೆ ಸರಿ, ವೇಟ್ರೋಸ್ ಅನ್ನುವ ದುಬಾರಿ ಅಂಗಡಿಯ ಚೀಲ ಕೈಯಲ್ಲಿ ಕಂಡರೆ ಜನ ಮೂಗು ಮುರಿಯುತ್ತಾರಂತೆ. ಆ ಚೀಲದಲ್ಲಿ ಏನಿದೆ, ಸಂಜೆ ಹೊತ್ತು ಬೆಲೆ ಇಳಿಸಿ ಹಳದಿ ಚೀಟಿ ಹಚ್ಚಿದ ಮಾಲೇ ಏನು, ಯಾರೂ ಕೇಳುವುದಿಲ್ಲ. ನಮ್ಮ ಗಾಂಧಿ ಮಾರ್ಕೆಟ್‌ನಲ್ಲಿ ಕತ್ತಲಾದ ಮೇಲೆ ಗುಂಪು ಹಾಕಿ ಮಾರುವ ಟೊಮ್ಯಾಟೊ ಇದ್ದ ಹಾಗೆ. ಆದರೆ ನಮ್ಮದು ಅದಕ್ಕಿಂತ ಒಂದು ಕೈ ಮೇಲು. ಅಲ್ಲಿ ದುಬಾರಿ ಅಂಗಡಿಗೆ ಹೋದರೆ ಅನ್ನುತ್ತಾರೆ, ನಾವು ಅಗ್ಗದ ಅಂಗಡಿಗೆ ಬಂದರೂ ಅನ್ನುತ್ತೇವೆ, ಅಂಗಡಿಗೆ ಏಸಿ ಇದ್ದರೆ ಮುಗಿಯಿತು.

ಈಗ ಸ್ವಲ್ಪ ನಿಮ್ಮ ಪತ್ರಿಕೆಯವರ ವಿಷಯಕ್ಕೂ ಬರುತ್ತೇನೆ, ಬೇಜಾರು ಮಾಡ್ಕೋಬೇಡಿ. ಗಜೇಂದ್ರಗಡದಲ್ಲಿ ಅತ್ತೆ ಸೊಸೆ ಗೃಹಲಕ್ಷ್ಮಿ ರೊಕ್ಕ ಕೂಡಿಸಿ ಬೋರ್‌ವೆಲ್ ಹೊಡೆಸಿದರು, ರಾಯಬಾಗ ತಾಲ್ಲೂಕಿನ ಅಜ್ಜಿ ಊರಿಗೆಲ್ಲ ಹೋಳಿಗೆ ಊಟ ಹಾಕಿದಳು. ಒಳ್ಳೆಯ ಸುದ್ದಿ, ಓದಿ ನನಗೂ ಖುಷಿಯಾಯಿತು. ಆದರೆ ಇಂಥವನ್ನೇ ಮತ್ತೆ ಮತ್ತೆ ಎತ್ತಿ ತೋರಿಸಿದರೆ, ಬೋರ್‌ವೆಲ್ ಹೊಡೆಸದವಳು, ಹೋಳಿಗೆ ಹಾಕದವಳು, ಸುಮ್ನೆ ಮನೆಗೆ ಎಣ್ಣೆ ಬೇಳೆ ತಂದವಳು ರೊಕ್ಕ ಹಾಳು ಮಾಡಿದಳು ಅನ್ನುವ ಹಾಗೆ ಆಗುತ್ತದೆ. ಎರಡು ಸಾವಿರದಲ್ಲಿ ಆಕೆ ದೊಡ್ಡದೇನೋ ಸಾಧಿಸಿ ತೋರಿಸಲೇಬೇಕಾ? ಪಗಾರ ಬಂದ ದಿನ ನಾವೇನು ಸಾಧಿಸುತ್ತೇವೆ? ಒಮ್ಮೆ ನಿಮ್ಮ ವರದಿಗಾರರನ್ನು ಆ ಪಾಳಿಯಲ್ಲಿ ಒಂದು ಗಂಟೆ ನಿಲ್ಲಿಸಿ, ಹೆಣ್ಣುಮಕ್ಕಳು ಏನು ಒಯ್ಯುತ್ತಾರೆ ಬರೆಯಲಿ. ಹೆಸರು, ಫೋಟೋ ಬೇಡ, ಸಾಮಾನಿನ ಚೀಟಿ ಸಾಕು.

ಇನ್ನೊಂದು ಮಾತು ಹೇಳದೆ ಈ ಪತ್ರ ಮುಗಿಸಿದರೆ ಪೂರ್ತಿ ಸತ್ಯ ಬರೆದಂತಾಗುವುದಿಲ್ಲ. ಗೃಹಲಕ್ಷ್ಮಿ ಬರೀ ಬಿಪಿಎಲ್ ಕಾರ್ಡಿನವರಿಗಲ್ಲ. ಎಪಿಎಲ್ ಕಾರ್ಡ್ ಇದ್ದರೂ, ಗಂಡ ಹೆಂಡತಿ ಇಬ್ಬರೂ ಇನ್‌ಕಮ್ ಟ್ಯಾಕ್ಸ್ ಕಟ್ಟದಿದ್ದರೆ, ಜಿಎಸ್‌ಟಿ ರಿಟರ್ನ್ ಹಾಕದಿದ್ದರೆ ಬರುತ್ತದೆ. ನಮ್ಮದು ಎಪಿಎಲ್ ಕಾರ್ಡು. ನಮ್ಮ ಮನೆಯವರಿಗೂ ಬರುತ್ತದೆ. ಅವತ್ತು ಬೆಳಿಗ್ಗೆಯೇ ಬ್ಯಾಂಕಿನ ಮೆಸೇಜ್ ಬಂದಿತ್ತು, ಆಕೆಯೇ ಚೀಟಿ ಬರೆದು ನನ್ನ ಜೇಬಿಗೆ ತುರುಕಿ ಕಳಿಸಿದ್ದಳು. ನನ್ನ ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಬೂಟು. ನನ್ನ ಟ್ರಾಲಿಯಲ್ಲೂ ತುಪ್ಪ ಇತ್ತು, ಅರ್ಧ ಕೇಜಿ. ಕೀಲಿಯವರು ಅದನ್ನು ನೋಡಿ "ಈ ಕಂಪನಿದು ಚಲೋ ಇರತೈತಿ ಏನ್ರಿ?" ಅಂತ ಕೇಳಿದರು. "ಹೂಂನ್ರಿ, ಚಲೋ ಐತಿ" ಅಂದೆ.

ಇಂತಿ,
ನಿಮ್ಮ ಹಳೆಯ ಓದುಗ,
ಹಳೇ ಹುಬ್ಬಳ್ಳಿ